ಹಪ್ಪಳದ ಮನೆಯ ಹಸಿ ಗೋಡೆ

ನಮ್ಮೂರಿನಲ್ಲಿ ಕೂಲಿ ಮುಟ್ಟದ ಗೋಡೆ ಒಣಗುವುದಿಲ್ಲ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಅವರ ಊರುಗಳಲ್ಲಿ ಕೂಲಿ ಕೊಟ್ಟರೂ ಬಿಟ್ಟರೂ ಗೋಡೆ ತನ್ನ ಪಾಡಿಗೆ ತಾನು ಒಣಗುತ್ತದಂತೆ. ಅದನ್ನು ಕೇಳಿ ನಾವೂ ನಗುತ್ತೇವೆ. ಇಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕುವ ಮೊದಲು ಒರಗಿ ಕೂರುವ ನೆವದಲ್ಲಿ ಗೋಡೆ ಮುಟ್ಟಿ ನೋಡುತ್ತಾರೆ. ಬೆನ್ನಿಗೆ ತಣ್ಣಗೆ ಹತ್ತಿತೋ, ಆ ಮಾತುಕತೆ ಅಲ್ಲಿಗೇ ನಿಂತಿತು. ಪೇಟೆ ಬೀದಿಯ ಡಾಕ್ಟರ ಮನೆಯಲ್ಲಿ ಅವರ ತಾತನ ಕಾಲದ ಒಂದು ಗೋಡೆ ಇನ್ನೂ ಹಸಿಯಾಗಿಯೇ ಇದೆ. ಅದನ್ನು ಮೆತ್ತಿದ ಮೇಸ್ತ್ರಿಯ ಕಡೆಯವರು ಎಲ್ಲಿ ಹುಡುಕಿದರೂ ಸಿಗದೆ, ಡಾಕ್ಟರು ಅದಕ್ಕೆ ವೀಳ್ಯದೆಲೆ ಬಳ್ಳಿ ಹಬ್ಬಿಸಿ, ಬಂದ ರೋಗಿಗಳಿಗೆಲ್ಲ ಮಾತ್ರೆಯ ಜೊತೆ ಎಲೆಯನ್ನೂ ಕೊಟ್ಟು ಕಳಿಸುತ್ತಾರೆ. ಪುರಸಭೆ ಕಟ್ಟಡದ ಹಿಂದಿನ ಗೋಡೆಯಲ್ಲಿ ಕಪ್ಪೆಗಳು ಸಂಸಾರ ಹೂಡಿವೆ. ಅದರ ಬಗ್ಗೆ ಅಲ್ಲಿ ಯಾರೂ ಮಾತಾಡುವುದಿಲ್ಲ.

ನಾನು ಕೆಂಚಮ್ಮ, ಗಾರೆ ಕೆಲಸದವಳು. ಗೋಡೆಗೆ ಪ್ಲಾಸ್ಟರು ಮಾಡುವುದು ನಮ್ಮ ತಂಡದ ಕೆಲಸ. ತಂಡ ಎಂದರೆ ದೊಡ್ಡದೇನಲ್ಲ, ನಾನು, ನನ್ನ ನಾದಿನಿಯ ಮಗಳು ಪಾಲಾಕ್ಷಿ, ಗಾರೆ ಕಲಸಿಕೊಟ್ಟು ನಡುನಡುವೆ ತಾನೂ ಮೆತ್ತುವ ಗಾದಿಲಿಂಗ. ಶಾಲೆಗೆ ನಾನು ಹೋದದ್ದು ಅಷ್ಟಕ್ಕಷ್ಟೆ. ಸಿಮೆಂಟು ಚೀಲದ ಮೇಲಿನ ಅಕ್ಷರಗಳನ್ನು ಕೂಡಿಸಿಕೊಂಡು ಓದಲು ಕಲಿತೆ, ಆಮೇಲೆ ಬಜ್ಜಿ ಕಟ್ಟಿಕೊಟ್ಟ ಕಾಗದ, ಆಮೇಲೆ ಸಿಕ್ಕಿದ್ದೆಲ್ಲ. ಇದನ್ನು ಬರೆಯುತ್ತಿರುವುದೂ ಹಾಗೆಯೇ, ಮಾತಾಡಿದ ಹಾಗೆ. ಎಲ್ಲಾದರೂ ಗೆರೆ ಓರೆಯಾದರೆ ಓದುವವರು ಗಾರೆ ಉಜ್ಜುವ ಮಣೆ ಹಿಡಿದು ನೇರ ಮಾಡಿಕೊಳ್ಳಬೇಕು.

ಕೆಲಸ ಮುಗಿದ ದಿನ ಕೂಲಿ ಕೈಗೆ ಬಿದ್ದ ಮೇಲೆ, ದುಡಿದವರು ಒಬ್ಬೊಬ್ಬರೂ ತಾವು ಮೆತ್ತಿದ ಗೋಡೆಯ ಮೇಲೆ ಅಂಗೈ ಇಟ್ಟು 'ಬಂತು' ಅನ್ನಬೇಕು. ಅಷ್ಟೇ. ಅಂದ ಕೂಡಲೇ ಅಂಗೈಯ ಸುತ್ತ ಗೋಡೆಯ ಬಣ್ಣ ತಿಳಿಯಾಗುತ್ತದೆ. ಕಾವಲಿಯ ಮೇಲೆ ದೋಸೆ ಬೇಯುತ್ತ ಬಂದ ಹಾಗೆ ಆ ತಿಳಿ ಬಣ್ಣ ಹರಡುತ್ತ ಹರಡುತ್ತ ಮೂಲೆ ಮುಟ್ಟುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಹೊತ್ತಿನಲ್ಲಿ ಕಣ್ಣು ಮಿಟುಕಿಸಲು ಮನಸ್ಸಾಗುವುದಿಲ್ಲ. ಗೋಡೆಗೆ ಕೈ ಹಚ್ಚಿದವರು ಯಾರೇ ಇರಲಿ, ಅವರ ಕೈಗೆ ಏನಾದರೂ ಬೀಳಲೇಬೇಕು. ಪೂಜೆಗೆ ಬಂದ ಅಯ್ಯನವರು ಶಾಸ್ತ್ರಕ್ಕೆಂದು ಒಂದು ಕರಣೆ ಗಾರೆ ಎಸೆದರೂ ಎಲೆಯಡಿಕೆಯ ಮೇಲೊಂದು ನಾಣ್ಯ ಇಟ್ಟು ಕೊಡುತ್ತೇವೆ. ಅವರೂ ಬಂದು 'ಬಂತು' ಅಂದು ಹೋಗುತ್ತಾರೆ.

ಈಗ ಸಿರಿಯಣ್ಣನ ವಿಷಯ ಹೇಳಬೇಕು. ಸಿರಿಯಣ್ಣ ನಮ್ಮೂರಿನ ದೊಡ್ಡ ಕಂಟ್ರಾಕ್ಟರು. ಮನೆ ಕಟ್ಟಿಸುವವರು ಆತನ ಕೈಗೆ ಇಡೀ ಕೆಲಸ ಕೊಡುತ್ತಾರೆ, ಆತ ಮರದ ಕೆಲಸ ಒಬ್ಬರಿಗೆ, ಕಲ್ಲಿನ ಕೆಲಸ ಒಬ್ಬರಿಗೆ, ಪ್ಲಾಸ್ಟರು ನನಗೆ, ಹೀಗೆ ಒಳಗುತ್ತಿಗೆ ಹಂಚುತ್ತಾನೆ. ಆತ ಮೊದಲು ನಮ್ಮ ಹಾಗೆಯೇ ಗಾರೆಯವನು. ನನ್ನ ಗಂಡ ಸಾರುವೆಯಿಂದ ಬಿದ್ದು ತೀರಿಕೊಂಡ ವರ್ಷ ನಾನು ಬಾಂಡ್ಲಿ ಹೊರುತ್ತಿದ್ದೆ. ಹೆಂಗಸರ ಕೈಗೆ ಆಗ ಬಾಂಡ್ಲಿ ಬಿಟ್ಟರೆ ಬೇರೇನೂ ಕೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಚಪ್ಪಟೆ ಕಲ್ಲಿನಿಂದ ಗೋಡೆಯ ಸಂದಿಗೆ ಗಾರೆ ಮೆತ್ತುತ್ತಿದ್ದುದನ್ನು ಸಿರಿಯಣ್ಣ ನೋಡಿದ. ಬೈಯುತ್ತಾನೆ ಅಂದುಕೊಂಡು ಕಲ್ಲು ಬಿಸಾಕಿದೆ. ಆತ ತನ್ನ ಕರಣೆಯನ್ನೇ ಚಾಚಿ, "ಕಲ್ಲಲ್ಲಿ ಯಾಕೆ ಕೆರೀತೀಯ, ಇದ್ರಲ್ಲಿ ಹಾಕು" ಅಂದ. ಆತ ಎಡಚ. ಕರಣೆಯ ಹಿಡಿ ಎಡಗೈಯ ಹೆಬ್ಬೆರಳಿಗೆ ತಕ್ಕ ಹಾಗೆ ಸವೆದಿತ್ತು, ನನ್ನ ಬಲಗೈಯಲ್ಲಿ ಸ್ವಲ್ಪ ಓರೆಯಾಗಿ ಕೂರುತ್ತಿತ್ತು. ಇವತ್ತಿಗೂ ಅದು ನನ್ನ ಚೀಲದಲ್ಲಿದೆ, ಇವತ್ತಿಗೂ ಓರೆಯಾಗಿಯೇ ಕೂರುತ್ತದೆ. ಆ ಕರಣೆಯಿಂದ ನಾನು ಮಗಳನ್ನು ಓದಿಸಿದೆ, ಮದುವೆ ಮಾಡಿದೆ, ತಲೆಯ ಮೇಲೆ ಹೆಂಚು ಹೊದಿಸಿಕೊಂಡೆ. ಇಂಥವನ ಮೇಲೆ ನಾನು ದೂರು ಕೊಡುತ್ತೇನೆ ಎಂದು ಯಾರಾದರೂ ಹೇಳಿದ್ದರೆ ಅವರ ಬಾಯಿಗೆ ಗಾರೆ ಮೆತ್ತುತ್ತಿದ್ದೆ.

ಕೆರೆ ಏರಿಯ ಕೆಳಗೆ ಅಂಬುಜಮ್ಮ ಎನ್ನುವವರು ಹಪ್ಪಳದ ಮನೆ ಕಟ್ಟಿಸಿದರು. ಅಂಬುಜಮ್ಮನ ಜೊತೆ ಒಂದಷ್ಟು ಹೆಂಗಸರು ಸೇರಿಕೊಂಡು ಉದ್ದಿನ ಹಪ್ಪಳ, ಅಕ್ಕಿ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರು. ಇದ್ದ ಬಾಡಿಗೆ ಶೆಡ್ಡನ್ನು ಮಾಲೀಕರು ಯುಗಾದಿಗೆ ಬಿಡಿಸಿಕೊಳ್ಳುವವರಿದ್ದರು. ಅದಕ್ಕೆ ಮೊದಲು ಸ್ವಂತದ್ದೊಂದು ಆಗಲಿ ಎಂದು ಎಲ್ಲರೂ ಕೂಡಿಸಿಟ್ಟದ್ದನ್ನು ತಂದು ಸುರಿದರು. ಕೆಲಸ ಸಿರಿಯಣ್ಣನಿಗೆ, ಪ್ಲಾಸ್ಟರು ನಮಗೆ. ಕಿಟಕಿಗಳೇ ತುಂಬಿದ ಉದ್ದನೆಯ ಒಂದೇ ಕೋಣೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು ಯಾವುದಾದರೊಂದು ಕಡೆಯಿಂದ ಒಳಗೆ ಬೀಳುವ ಹಾಗೆ. ನಾವು ಮನಸ್ಸಿಟ್ಟು ಮಾಡಿದೆವು. ಪಾಲಾಕ್ಷಿಯಂತೂ, ಇಲ್ಲಿ ಹಪ್ಪಳ ಒಣಗುವ ಮೊದಲು ನನ್ನ ಸೀರೆ ಒಣಹಾಕಿ ನೋಡುತ್ತೇನೆ ಅನ್ನುತ್ತಿದ್ದಳು.

ಕೆಲಸ ಮುಗಿಯಿತು. ಅಂಬುಜಮ್ಮ ಸಿರಿಯಣ್ಣನಿಗೆ ಪೂರ್ತಿ ಹಣ ಕೊಟ್ಟರು, ನಮ್ಮೆದುರಿಗೇ ಕೊಟ್ಟರು. ಸಿರಿಯಣ್ಣ ಕಲ್ಲಿನವರಿಗೆ, ಮರದವರಿಗೆ ಕೊಟ್ಟ. ನಮ್ಮ ಸರದಿ ಬಂದಾಗ, "ಕೆಂಚವ್ವ, ನೀನು ಮನೆಯವಳು, ನಿಂದು ಸಂತೆ ಆದ್ಮೇಲೆ" ಅಂದ. ಮನೆಯವಳು ಅಂದದ್ದಕ್ಕೆ ನನಗೆ ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಸಂತೆ ಆಯಿತು. ಇನ್ನೊಂದು ಸಂತೆಯೂ ಆಯಿತು. ಆಮೇಲೆ ತಿಳಿದದ್ದೇನೆಂದರೆ, ಆತ ನಮ್ಮ ಹಣ ಹಾಕಿ ಗಾರೆ ಕಲಸುವ ಮಿಷನ್ನು ತಂದಿದ್ದ. ಬಸ್‌ಸ್ಟ್ಯಾಂಡಿನ ದೊಡ್ಡ ಕೆಲಸ ಸಿಗುತ್ತದೆ ಎಂದು ಯಾರೋ ಆಸೆ ಹುಟ್ಟಿಸಿದ್ದರು. ಆ ಕೆಲಸ ಸಿಗಲಿಲ್ಲ. ಮಿಷನ್ನು ಆತನ ಮನೆಯ ಮುಂದೆ ತಾಡಪಾಲು ಹೊದ್ದು ನಿಂತಿತ್ತು, ಕೋಳಿಗಳು ಅದರ ಹೊಟ್ಟೆಯೊಳಗೆ ಮೊಟ್ಟೆ ಇಡುತ್ತಿದ್ದವು. ಗಾದಿಲಿಂಗ ಅದನ್ನು ನೋಡಿ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅವನ ಕೂಲಿಯಿಂದಲೇ ಅವನ ಕೆಲಸ ಕಿತ್ತುಕೊಳ್ಳುವ ಮಿಷನ್ನು ಬಂದಿತ್ತಲ್ಲ, ಅದಕ್ಕೆ.

ಅತ್ತ ಹಪ್ಪಳದ ಮನೆಯ ಗೋಡೆ ಮೆತ್ತಿದ ದಿನದ ಹಾಗೆಯೇ ಕಪ್ಪಗೆ, ತಣ್ಣಗೆ ಕೂತಿತ್ತು. ಅಂಬುಜಮ್ಮನವರು ಪರೀಕ್ಷೆಗೆಂದು ಒಂದು ಹಾಸು ಹಪ್ಪಳ ಹರಡಿದರು. ಮೂರನೆಯ ದಿನಕ್ಕೆ ಅವು ಚಪಾತಿಯ ಹಾಗೆ ಮಡಚುತ್ತಿದ್ದವು, ಮೇಲೆ ಹಸಿರು ಬೂಷ್ಟು. ಹೆಂಗಸರು ಬೇಸಿಗೆಯಲ್ಲೂ ಒಳಗೆ ಸ್ವೆಟರು ಹಾಕಿಕೊಂಡು ಕೂರುತ್ತಿದ್ದರು. ಕಿಟಕಿಯ ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಉಸಿರು ಹೊಗೆಯಾಗಿ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಅಂಬುಜಮ್ಮ ನನ್ನ ಮನೆಗೇ ಬಂದರು. ಬಂದವರು ಕೂರಲಿಲ್ಲ. ನಿಂತೇ ಹೇಳಿದರು, "ಕೆಂಚಮ್ಮ, ನಿನ್ ಕಾಲಿಗೆ ಬೀಳ್ತೀನಿ, ಒಂದ್ಸಲ ಬಂದು ಸುಮ್ನೆ ಬಂತು ಅಂದ್ಬಿಡವ್ವ. ಯುಗಾದಿ ಆದ್ಮೇಲೆ ನಾವು ಬೀದೀಲಿ ಕೂತು ಲಟ್ಟಿಸ್ಬೇಕು." ದೊಡ್ಡವರು ಕಾಲಿಗೆ ಬೀಳುವ ಮಾತಾಡಿದರೆ ನಾನು ಏನು ಮಾಡಲಿ. ಹೋದೆ. ಪಾಲಾಕ್ಷಿ, ಗಾದಿಲಿಂಗ ಇಬ್ಬರೂ ಬಂದರು. ಗೋಡೆಯ ಮೇಲೆ ಅಂಗೈ ಇಟ್ಟು 'ಬಂತು' ಅಂದೆ. ಏನೂ ಆಗಲಿಲ್ಲ. ಇನ್ನೊಂದು ಸಲ ಅಂದೆ, ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ. ಅಂಗೈಗೆ ನೀರು ಅಂಟಿ ಬಂತು, ಅಷ್ಟೇ. ಗೋಡೆ ನನ್ನನ್ನು ನಂಬಲಿಲ್ಲ. ಅಂಬುಜಮ್ಮ ಕೈಯ ಬಳೆ ತೆಗೆದು, ಇದನ್ನಾದರೂ ಇಟ್ಟುಕೊಂಡು ಹೇಳು ಅಂದರು. ನಾನು ಅವರ ಕೈ ಹಿಡಿದು ಬಳೆ ತಿರುಗಿ ಹಾಕಿದೆ. ನೀವು ಒಂದು ಸಲ ಕೊಟ್ಟಾಗಿದೆ, ಒಂದು ಗೋಡೆಗೆ ಎರಡು ಸಲ ಕೊಡಿಸಿಕೊಂಡರೆ ನನ್ನ ಮನೆಯ ಗೋಡೆ ಹಸಿಯಾಗುತ್ತದೆ ಅಂದೆ. ಅಲ್ಲಿಂದ ನೇರ ಲೈಸೆನ್ಸ್ ಕಚೇರಿಗೆ ನಡೆದೆ.

ಲೈಸೆನ್ಸ್ ಅಂದರೆ ನಮ್ಮಲ್ಲಿ ಕಾಗದವಲ್ಲ. ಕಂಟ್ರಾಕ್ಟರಾಗುವವನಿಗೆ ಪುರಸಭೆಯವರು ಒಂದು ಹಿತ್ತಾಳೆಯ ತೂಕದ ಗುಂಡು ಕೊಡುತ್ತಾರೆ, ದಾರ ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯೋ ಎಂದು ನೋಡುವಂಥದ್ದು. ಅದು ಕೈಯಲ್ಲಿದ್ದರೆ ಕಂಟ್ರಾಕ್ಟರು, ಇಲ್ಲದಿದ್ದರೆ ಇಲ್ಲ. ತಪ್ಪು ಮಾಡಿದವನ ಗುಂಡನ್ನು ಕಸಿದು ಕಚೇರಿಯ ತೊಲೆಗೆ ನೇತು ಹಾಕುತ್ತಾರೆ. ತಪ್ಪು ದೊಡ್ಡದಾದರೆ ಕುಲುಮೆಗೆ ಹಾಕಿ ಕರಗಿಸುತ್ತಾರೆ, ಆಮೇಲೆ ಆ ಮನುಷ್ಯ ಈ ಜನ್ಮದಲ್ಲಿ ಕಂಟ್ರಾಕ್ಟು ಹಿಡಿಯುವ ಹಾಗಿಲ್ಲ. ಕಚೇರಿಯ ಫ್ಯಾನು ಹಾಕಿದರೆ ಸಾಕು, ನೇತಾಡುವ ಗುಂಡುಗಳೆಲ್ಲ ಒಂದಕ್ಕೊಂದು ತಾಗಿ ಟಿಂಗ್ ಟಿಂಗ್ ಅನ್ನುತ್ತವೆ. ಅದರ ಕೆಳಗೆ ಕೂತು ಕೆಲಸ ಮಾಡುವವರು ಫರ್ಜಾನಾ ಮೇಡಂ. ಮೆತ್ತಗಿನ ಮಾತು, ದಪ್ಪ ಕನ್ನಡಕ, ಯಾವಾಗಲೂ ಬಾಯಲ್ಲೊಂದು ಲವಂಗ.

ನಾನು ಹೇಳಿದ್ದನ್ನೆಲ್ಲ ಮೇಡಂ ಕೇಳಿದರು. ನಡುವೆ ನಾನು ಆತನ ಕರಣೆಯ ಕಥೆಯನ್ನೂ ಹೇಳಿದೆ, ನನ್ನ ಮಗಳ ಮದುವೆಗೆ ಆತ ತಂದ ಪಾತ್ರೆಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಏನಮ್ಮಾ, ನೀವು ಅವ್ರ ಮೇಲೆ ದೂರು ಕೊಡೋಕೆ ಬಂದ್ರೋ, ಬಿರುದು ಕೊಡ್ಸೋಕೆ ಬಂದ್ರೋ?" ಅಂದರು. ಎರಡೂ ಅಂದೆ. ಅವರು ನಗಲಿಲ್ಲ. ಎರಡನ್ನೂ ಬರೆದುಕೊಳ್ಳುತ್ತೇನೆ ಅಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ನಮ್ಮಲ್ಲಿ ವಿಚಾರಣೆ ನಡೆಯುವುದು ಹಸಿ ಗೋಡೆಯ ಎದುರಿಗೇ. ಮೇಡಂಗೆ ಒಂದು ಕುರ್ಚಿ ಹಾಕಿದರು. ಹಪ್ಪಳದ ಹೆಂಗಸರೆಲ್ಲ ಸ್ವೆಟರು ಹಾಕಿಕೊಂಡು ಸುತ್ತ ನಿಂತರು. ಸಿರಿಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನನ್ನ ಕಡೆ ನೋಡಲಿಲ್ಲ. ಮೇಡಂ ಗೋಡೆ ತೋರಿಸಿ, ಇದು ಯಾಕೆ ಹಸಿಯಾಗಿದೆ ಎಂದು ಕೇಳಿದರು. ಆತ ಗಂಟಲು ಸರಿ ಮಾಡಿಕೊಂಡು ಹೇಳಿದ, "ದುಡ್ಡು ಕೊಟ್ಟಾಗಿದೆ ಮೇಡಂ. ಇದು ಪೈಪು ಸೋರ್ತಿರೋದು."

ಹಸಿ ಗೋಡೆಯ ಮುಂದೆ ನಿಲ್ಲಿಸಿದರೆ ನಮ್ಮೂರಿನ ಕಂಟ್ರಾಕ್ಟರುಗಳೆಲ್ಲ ಹೇಳುವ ಮಾತು ಇದೇ. ನಲ್ಲಿ ಬಂದಾಗಿನಿಂದ ಹೇಳುತ್ತಿದ್ದಾರೆ. ಪೈಪು ಹುಡುಕಲು ಗೋಡೆ ಒಡೆಯಬೇಕು, ಒಡೆದರೆ ಮತ್ತೆ ಮೆತ್ತಬೇಕು, ಮತ್ತೆ ಕೂಲಿ, ಹೀಗೆ ವರ್ಷ ಕಳೆಯುತ್ತದೆ. ಸಿರಿಯಣ್ಣನಿಗೂ ಅದು ಅಭ್ಯಾಸದ ಮೇಲೆ ಬಾಯಿಗೆ ಬಂದಿರಬೇಕು. ಆಮೇಲೆ ಅಂಬುಜಮ್ಮ ನಿಧಾನಕ್ಕೆ ಕೇಳಿದರು, "ಸಿರಿಯಣ್ಣಾ, ಹಪ್ಪಳ ಒಣಗ್ಸೋ ಮನೆಗೆ ನಾನ್ಯಾಕಪ್ಪ ನಲ್ಲಿ ಹಾಕಿಸ್ಲಿ?"

ಹಪ್ಪಳದ ಮನೆಯಲ್ಲಿ ಪೈಪೇ ಇರಲಿಲ್ಲ. ನೀರು ಬೇಕಾದರೆ ಹೊರಗಿನ ತೊಟ್ಟಿಯಿಂದ ತರಬೇಕು, ಹಾಗೆಂದೇ ಕಟ್ಟಿದ್ದು. ಕಟ್ಟಿದವನು ಆತನೇ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಗಾದಿಲಿಂಗನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಸಿರಿಯಣ್ಣ ತಾನು ಕಟ್ಟಿದ ಗೋಡೆಗಳನ್ನೇ ಸುತ್ತ ತಿರುಗಿ ನೋಡಿದ, ಯಾರದೋ ಮನೆಗೆ ದಾರಿ ತಪ್ಪಿ ಬಂದವನ ಹಾಗೆ. ಆಮೇಲೆ ನನ್ನ ಕಡೆ ನೋಡಿದ. "ಕೆಂಚವ್ವ, ಮಿಷನ್ ಮಾರಿ ಕೊಡ್ತೀನಿ" ಅಂದ. ಮೇಡಂ ವಾಯಿದೆ ಕೊಟ್ಟರು. ಆ ದಿನ ಈ ಕೋಣೆಯ ಎಲ್ಲ ಗೋಡೆ ಒಣಗಬೇಕು, ಒಂದು ಅಂಗೈಯಗಲ ಹಸಿ ಉಳಿದರೂ ಗುಂಡನ್ನು ಕುಲುಮೆಗೆ ಕಳಿಸುತ್ತೇನೆ ಅಂದರು. ಗುಂಡನ್ನು ಅಲ್ಲೇ ಈಸಿಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು.

ವಾಯಿದೆಯ ದಿನ ಆತ ಬಂದ. ಅಂಗಿಗೆ ಇಸ್ತ್ರಿ ಇರಲಿಲ್ಲ. ಮಿಷನ್ನನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿ, ಕಡಿಮೆ ಬಿದ್ದದ್ದಕ್ಕೆ ಹೆಂಡತಿಯ ಕಡೆಯವರ ಹತ್ತಿರ ಕೈ ಚಾಚಿ ಹಣ ತಂದಿದ್ದ. ನನ್ನ ಕೈಗೆ ಹಾಕಿದ. ನಾನು ಎಣಿಸಿದೆ. ಎಣಿಸದಿದ್ದರೆ ಗೋಡೆಗೆ ಅವಮಾನ. ಪೂರ್ತಿ ಇತ್ತು. ಪಾಲಾಕ್ಷಿಗೆ ಅವಳದ್ದು ಕೊಟ್ಟೆ, ಗಾದಿಲಿಂಗನಿಗೆ ಅವನದ್ದು ಕೊಟ್ಟೆ. ಮೂವರೂ ಗೋಡೆಗೆ ಅಂಗೈ ಇಟ್ಟು 'ಬಂತು' ಅಂದೆವು.

ನೀವು ನೋಡಬೇಕಿತ್ತು. ಮೂರು ಕಡೆಯಿಂದ ತಿಳಿ ಬಣ್ಣ ಎದ್ದು, ಹರಡಿ, ಒಂದನ್ನೊಂದು ಕೂಡಿಕೊಂಡು ಕಿಟಕಿಗಳನ್ನು ಸುತ್ತಿಕೊಂಡು ಹೋಯಿತು. ಕೋಣೆಯ ಚಳಿ ಯಾರೋ ಕಂಬಳಿ ಎಳೆದ ಹಾಗೆ ಹೊರಟುಹೋಯಿತು. ಹೆಂಗಸರು ಒಬ್ಬೊಬ್ಬರಾಗಿ ಸ್ವೆಟರು ಬಿಚ್ಚಿದರು. ಅಂಬುಜಮ್ಮ ಆಗಲೇ ಹಿಟ್ಟು ತರಲು ಯಾರನ್ನೋ ಕೂಗುತ್ತಿದ್ದರು. ಅಷ್ಟರಲ್ಲಿ ಮೇಡಂ ಕುರ್ಚಿಯಿಂದ ಎದ್ದು ಉತ್ತರದ ಕಿಟಕಿಯ ಪಕ್ಕಕ್ಕೆ ಹೋಗಿ ನಿಂತರು. ಅಲ್ಲಿ ಆಳೆತ್ತರದ ಒಂದು ಭಾಗ ಕಪ್ಪಗೆ, ಹಸಿಯಾಗಿ ಹಾಗೆಯೇ ಉಳಿದಿತ್ತು. ತಿಳಿ ಬಣ್ಣ ಅದರ ಅಂಚಿನವರೆಗೆ ಬಂದು ನಿಂತುಬಿಟ್ಟಿತ್ತು.

"ಯಾರಿಗೋ ಬಾಕಿ ಇದೆ" ಅಂದರು ಮೇಡಂ.

ಸಿರಿಯಣ್ಣನ ಮುಖ ಬಿಳುಚಿಕೊಂಡಿತು. ಇಲ್ಲ ಅಂದ. ಮಕ್ಕಳ ಮೇಲೆ ಆಣೆ ಇಟ್ಟು ಇಲ್ಲ ಅಂದ. ನಾನೂ ಹೇಳಿದೆ, ನಮ್ಮದು ಪೂರ್ತಿ ಬಂದಿದೆ ಎಂದು. ಮೇಡಂ ತಲೆಯಾಡಿಸಿದರು. ಬಾಯಿ ಮಾತನ್ನು ನಂಬುವ ಕಾಲ ಪೈಪಿನ ಜೊತೆ ಹೋಯಿತು, ನಾನು ಈಗ ಗೋಡೆಯ ಮಾತನ್ನೇ ಕೇಳಬೇಕು ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಚೀಲದಲ್ಲಿದ್ದ ಗುಂಡನ್ನು ಹೊರತೆಗೆದರು. ಪಾಲಾಕ್ಷಿ ನನ್ನ ಮೊಣಕೈ ಹಿಡಿದು ಕಿವಿಯಲ್ಲಿ, "ಬಿಡತ್ತೆ, ನಮ್ಮದು ಬಂತಲ್ಲ. ಕರಗ್ಲಿ ಬಿಡು, ಬುದ್ಧಿ ಬರ್ತದೆ" ಅಂದಳು. ಅವಳದ್ದೂ ತಪ್ಪಲ್ಲ, ಎರಡು ಸಂತೆ ಅವಳ ಮನೆಯಲ್ಲಿ ಎಣ್ಣೆ ಇರಲಿಲ್ಲ.

ನಾನು ಆ ಹಸಿ ಜಾಗದ ಹತ್ತಿರ ಹೋದೆ. ಹಪ್ಪಳದವರಿಗೆ ಒಂದು ಮೂಲೆ ಹಸಿಯಾದರೂ ಕೋಣೆಯೆಲ್ಲ ಹಸಿಯೇ. ಹತ್ತಿರದಿಂದ ನೋಡಿದರೆ ಮಣೆ ಉಜ್ಜಿದ ಗುರುತು ಕಾಣುತ್ತದೆ, ಪ್ರತಿಯೊಬ್ಬರ ಕೈಗೂ ಅದು ಬೇರೆ. ನನ್ನದು ಉದ್ದುದ್ದ ಗೀರು, ಪಾಲಾಕ್ಷಿಯದು ಸಣ್ಣ ಸಣ್ಣ ಸುತ್ತು, ಮಗುವಿನ ತಲೆ ತಟ್ಟಿದ ಹಾಗೆ. ಇಲ್ಲಿದ್ದದ್ದು ಅರ್ಧ ಚಂದ್ರದ ಗೀರು, ಎಲ್ಲವೂ ಎಡದಿಂದ ಬೀಸಿದವು. ಪಾಲಾಕ್ಷಿ ನನ್ನ ಬೆನ್ನ ಹಿಂದಿನಿಂದ ಇಣುಕಿ, "ಇದು ನಮ್ ಕೈಯಲ್ಲ" ಅಂದಳು.

ಆಗ ನೆನಪಾಯಿತು. ಗಾದಿಲಿಂಗ ಜ್ವರ ಬಂದು ಮಲಗಿದ ದಿನ. ಕಲಸಿದ ಗಾರೆ ಗಟ್ಟಿಯಾಗುತ್ತಿತ್ತು, ನಾವಿಬ್ಬರೇ ಸಾಲದೆ ಪರದಾಡುತ್ತಿದ್ದೆವು. ಕೆಲಸ ನೋಡಿ ಹೋಗಲು ಬಂದ ಸಿರಿಯಣ್ಣ ಅಂಗಿ ಬಿಚ್ಚಿ ಕಿಟಕಿಗೆ ಸಿಕ್ಕಿಸಿ, ಗಾದಿಲಿಂಗನ ಮಣೆ ಎತ್ತಿಕೊಂಡು ಉತ್ತರದ ಮೂಲೆಗೆ ನಿಂತ. ಸಂಜೆಯವರೆಗೂ ಮೆತ್ತಿದ. ಮೆತ್ತುತ್ತ ಮೆತ್ತುತ್ತ ತನ್ನ ಹಳೆಯ ಮೇಸ್ತ್ರಿಗಳ ದನಿ ಅನುಕರಿಸಿ ನಮ್ಮನ್ನು ನಗಿಸಿದ. ಸಂಜೆ ಕೈ ತೊಳೆದು ಅಂಗಿ ತೊಟ್ಟ ಮೇಲೆ ಮತ್ತೆ ಕಂಟ್ರಾಕ್ಟರಾಗಿ ಹೋದ. ಅಯ್ಯನವರ ಒಂದು ಕರಣೆ ಗಾರೆಗೆ ನಾಣ್ಯ ಇಡಲು ಮರೆಯದವಳು ನಾನು. ಕಂಟ್ರಾಕ್ಟರಿಗೂ ಕೂಲಿ ಇರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆತನಿಗೂ ಹೊಳೆಯಲಿಲ್ಲ. ಪ್ಲಾಸ್ಟರಿನ ಒಳಗುತ್ತಿಗೆ ನನ್ನದು, ಹಾಗಾಗಿ ಆ ದಿನದ ಆಳು ಆತ, ಕೊಡಬೇಕಾದವಳು ನಾನು.

ಇದನ್ನು ಮೇಡಂಗೆ ಹೇಳಿದೆ. ಅವರು ಗುಂಡನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತರು. ನಾನು ಸೆರಗಿನ ಗಂಟು ಬಿಚ್ಚಿ ಒಂದು ಆಳಿನ ಕೂಲಿ ತೆಗೆದೆ. ಪಾಲಾಕ್ಷಿ ತಡೆದಳು. ಅಷ್ಟ್ಯಾಕೆ, ಆತ ಬಂದಿದ್ದು ಊಟ ಆದ ಮೇಲೆ, ಅರ್ಧ ದಿನದ್ದು ಕೊಟ್ಟರೆ ಸಾಕು ಅಂದಳು. ಗಾದಿಲಿಂಗ, ಮಣೆ ನಂದು, ಮಣೆಯ ಬಾಡಿಗೆ ಹಿಡಿದುಕೊಳ್ಳಿ ಅಂದ. ಹೀಗೆ ಮಾತಾಡಿ ಮಾತಾಡಿ ಅರ್ಧ ದಿನಕ್ಕೆ ಒಪ್ಪಂದವಾಯಿತು. ಅದನ್ನು ಸಿರಿಯಣ್ಣನ ಮುಂದೆ ಚಾಚಿದೆ.

ಆತ ಕೈ ಹಿಂದಕ್ಕೆ ಕಟ್ಟಿಕೊಂಡ. "ಬ್ಯಾಡ ಕೆಂಚವ್ವ. ನಿನ್ ಕೂಲಿ ಇಟ್ಕಂಡು ಕುಣಿಸಿದೋನು ನಾನು. ನಂಗೆ ನೀನು ಕೂಲಿ ಕೊಡೋದಾ?"

"ದುಡಿದಿದ್ದೀಯ, ತಗೋ ಅಣ್ಣ" ಅಂದೆ. "ನೀನು ತಗೊಳ್ದಿದ್ರೆ ಇವರ ಹಪ್ಪಳ ಒಣಗಲ್ಲ."

ಮೇಡಂ ಲವಂಗ ಅತ್ತಿಂದಿತ್ತ ಸರಿಸಿ, ತೊಗೊಳ್ಳಿ ಸಿರಿಯಣ್ಣನವರೇ, ನನ್ನ ಕೈ ನೋಯುತ್ತಿದೆ ಅಂದರು. ಗುಂಡಿನ ಭಾರವೇನೂ ಅಷ್ಟಿರಲಿಲ್ಲ. ಆತ ಎಡಗೈ ಮುಂದೆ ತಂದ. ನೋಟುಗಳನ್ನು ತೆಗೆದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತ. ಆಮೇಲೆ ಅಂಗಿಯ ಜೇಬು ಬಿಟ್ಟು, ಹಿಂದೆ ಆಳಾಗಿದ್ದಾಗ ಇಡುತ್ತಿದ್ದ ಹಾಗೆ ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡ. ಗೋಡೆಯ ಮೇಲೆ ಅಂಗೈ ಇಟ್ಟ. ಎಷ್ಟೋ ವರ್ಷಗಳಿಂದ ಆತ ಆ ಮಾತನ್ನು ಇನ್ನೊಬ್ಬರ ಬಾಯಲ್ಲಷ್ಟೇ ಕೇಳಿದ್ದ. ನಾವು ಕಾದೆವು. ಕೊನೆಗೆ ತೀರ ಸಣ್ಣ ದನಿಯಲ್ಲಿ "ಬಂತು" ಅಂದ. ಕಪ್ಪು ಆತನ ಬೆರಳ ಸಂದಿಯಿಂದ ಸರಿದು ಹೋಯಿತು. ಅರ್ಧ ಚಂದ್ರಗಳೆಲ್ಲ ಬೆಳ್ಳಗೆ ಎದ್ದವು. ಅಂಬುಜಮ್ಮ ಬಂದು ಅದೇ ಜಾಗಕ್ಕೆ ಕೆನ್ನೆ ಒತ್ತಿ ನೋಡಿ, ಬೆಚ್ಚಗಿದೆ ಅಂದರು. ಹೇಳುತ್ತ ಅತ್ತೇಬಿಟ್ಟರು.

ಹಾಗೆಂದು ಮೇಡಂ ಬಿಡಲಿಲ್ಲ, ಬಿಡಬಾರದು ಕೂಡ. ಕೊಡಬೇಕಾದ್ದನ್ನು ದೂರಿನ ತನಕ ಕೊಡಲಿಲ್ಲ, ಇಲ್ಲದ ಪೈಪಿನ ಮೇಲೆ ಹೊರಿಸಿದರು, ಇವೆರಡಕ್ಕೆ ಮಳೆಗಾಲ ಮುಗಿಯುವವರೆಗೆ ಗುಂಡು ತೊಲೆಯ ಮೇಲೆ ಇರುತ್ತದೆ ಎಂದು ಆದೇಶ ಮಾಡಿದರು. ಕುಲುಮೆ ತಪ್ಪಿತು. ಸಿರಿಯಣ್ಣ ಕೈ ಮುಗಿದ. ಹೊರಗೆ ಬಂದ ಮೇಲೆ, ಬಿಸಿಲಲ್ಲಿ ನಿಂತುಕೊಂಡು, ಮಳೆಗಾಲದ ತನಕ ಮನೆ ಹೇಗೆ ನಡೆಸಬೇಕೋ ಎಂದು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದ. ನಾನು ಚೀಲದಿಂದ ಕರಣೆ ತೆಗೆದು ಚಾಚಿದೆ. ಹಿಂದೆ ಆತ ಚಾಚಿದ ಹಾಗೆಯೇ. ನಾಳೆ ದರ್ಜಿ ಬೀದಿಯಲ್ಲಿ ಕೆಲಸವಿದೆ, ಒಂದು ಆಳು ಬೇಕು ಅಂದೆ. ಆತ ಕರಣೆಯನ್ನು ತಿರುಗಿಸಿ ನೋಡಿ ಎಡಗೈಯಲ್ಲಿ ಹಿಡಿದ. ಇಷ್ಟು ವರ್ಷ ನನ್ನ ಕೈಯಲ್ಲಿ ಓರೆಯಾಗಿ ಕೂತದ್ದು ಅಲ್ಲಿ ನೆಟ್ಟಗೆ ಕೂತಿತು. "ಸಂಜೆ ತೊಳ್ದು ವಾಪಸ್ ಕೊಡಬೇಕು" ಅಂದೆ. "ಕಳೆದ್ರೆ ಕೂಲೀಲಿ ಹಿಡ್ಕೋತೀನಿ."

ಆ ಬೇಸಿಗೆ, ಆ ಮಳೆಗಾಲ ಸಿರಿಯಣ್ಣ ನಮ್ಮ ತಂಡದಲ್ಲಿದ್ದ. ಮೊದಮೊದಲು ಪಾಲಾಕ್ಷಿ ಆತನನ್ನು ಬಿಡದೆ ಕೆಣಕುತ್ತಿದ್ದಳು. ಎಲ್ಲಿಯಾದರೂ ಒಂದು ಹನಿ ನೀರು ಕಂಡರೂ, "ಅಣ್ಣಾ, ಪೈಪು ನೋಡು" ಅನ್ನುವಳು. ಆತ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಆಮೇಲಾಮೇಲೆ ತಾನೇ ಅವಳಿಗಿಂತ ಮೊದಲು ಹೇಳಿ ನಗಿಸಲು ಶುರು ಮಾಡಿದ. ಗಾದಿಲಿಂಗನಿಗೆ ದಿನಾ ಬೀಡಿ ಹಚ್ಚಿಕೊಟ್ಟು, ಮಿಷನ್ನಿನ ಗಾರೆ ನಿನ್ನ ಕೈಯ ಗಾರೆಯ ಹಾಗೆ ಬರುವುದಿಲ್ಲ ಕಣೋ ಅನ್ನುತ್ತಿದ್ದ. ಆ ಮಾತಿಗೆ ಗಾದಿಲಿಂಗ ಪೂರ್ತಿ ಕರಗಿಹೋದ. ನಾನು ಆತನಿಂದ ಕಲಿಯುವುದು ಇನ್ನೂ ಬಾಕಿಯಿತ್ತು ಎಂದು ನನಗೆ ಆಗಲೇ ತಿಳಿದದ್ದು. ಕಮಾನಿನ ಅಂಚು ತಿರುಗಿಸುವುದನ್ನು ಆ ಮಳೆಗಾಲದಲ್ಲಿ ಹೇಳಿಕೊಟ್ಟ. ಕೆಲಸ ಮುಗಿದ ಶನಿವಾರಗಳಲ್ಲಿ ನಾನು ಕೂಲಿ ಹಂಚುವಾಗ ಆತ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದ, 'ಬಂತು' ಅನ್ನುವಾಗ ಮಾತ್ರ ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದ. ಬೀದಿಯವರು ಇಣುಕಿ ನೋಡುತ್ತಿದ್ದರು. ಅಂಬುಜಮ್ಮನ ಕಡೆಯಿಂದ ತಿಂಗಳಿಗೊಂದು ಕಟ್ಟು ಹಪ್ಪಳ ಬರುತ್ತಿತ್ತು, ನಾಲ್ಕು ಜನರ ಹೆಸರು ಹೇಳಿ. ದುಡ್ಡು ಕೊಡಲು ಹೋದರೆ ಬೈಯುತ್ತಿದ್ದರು.

ಮಳೆ ಹಿಂದೆ ಸರಿಯಿತು. ಸೋಮವಾರ ಬಂದು ಗುಂಡು ತೆಗೆದುಕೊಂಡು ಹೋಗಿ ಎಂದು ಮೇಡಂ ಹೇಳಿ ಕಳಿಸಿದರು. ಅದಕ್ಕೆ ಹಿಂದಿನ ಶನಿವಾರ ನಾವು ಹೂವಾಡಿಗರ ಮನೆಯೊಂದನ್ನು ಮುಗಿಸಿದ್ದೆವು. ಕೂಲಿ ಹಂಚಿದೆ. ಪಾಲಾಕ್ಷಿ ಅಂದಳು, ಗಾದಿಲಿಂಗ ಅಂದ, ನಾನು ಅಂದೆ. ಸಿರಿಯಣ್ಣ ಕರಣೆಯನ್ನು ತೊಳೆದು, ಒರೆಸಿ, ಹಿಡಿ ನನ್ನ ಕಡೆ ಮಾಡಿ ವಾಪಸು ಕೊಟ್ಟ. ಕೂಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನು ಮೆತ್ತಿದ ಗೋಡೆಯ ಮುಂದೆ ಹೋಗಿ ಅಂಗೈ ಇಟ್ಟ.

ಆಳಾಗಿ ಅನ್ನುವ ಕೊನೆಯ 'ಬಂತು' ಅದು, ಇಟ್ಟವನು ಹಾಗೇ ನಿಂತುಬಿಟ್ಟ. ನಾವು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ಕಾದೆವು. ಸಂಜೆಯ ಬಿಸಿಲು ಆತನ ಬೆನ್ನ ಮೇಲಿತ್ತು, ಗೋಡೆ ಇನ್ನೂ ಕಪ್ಪಗಿತ್ತು. ಪಾಲಾಕ್ಷಿ ಬಾಯಿ ತೆರೆದಳು, ಪೈಪಿನ ಮಾತು ಬರುತ್ತದೆ ಅಂದುಕೊಂಡೆ. ಬರಲಿಲ್ಲ. "ನಿಧಾನಕ್ಕೆ ಹೇಳಣ್ಣ" ಅಂದಳು, "ನಾವು ಇಲ್ಲೇ ಇರ್ತೀವಿ." ಹೇಳಿ ಹೊಸ್ತಿಲ ಮೇಲೆ ಕೂತಳು. ನಾವೂ ಕೂತೆವು.